ಬಿಹೇವಿಯರ್ ಥೆರಪಿ, ವಿಶೇಷ ಶಿಕ್ಷಣ: ಕಾನೂನು ಏನು ಹೇಳುತ್ತೆ, ಹೊಣೆ ಯಾರದ್ದು? ಬಳ್ಳಾರಿ ಕಡೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲೆಲ್ಲ ಮಗುವಿಗೆ ಮಾತು ತಡವಾದರೆ ಬಳ್ಳಾರಿಯಿಂದ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ರಾತ್ರಿ ಬಸ್ಸು ಹತ್ತಬೇಕಿತ್ತು. ಈಗ ಊರಲ್ಲೇ ಥೆರಪಿ ಸೆಂಟರ್‌ಗಳ ಬೋರ್ಡು ಕಾಣುತ್ತವೆ. ಅನುಕೂಲವೇ. ಆದರೆ ಬೋರ್ಡಿನ ಹಿಂದೆ ಯಾರಿದ್ದಾರೆ, ಒಳಗೆ ಏನು ನಡೆಯುತ್ತೆ, ಹೆಚ್ಚುಕಮ್ಮಿ ಆದರೆ ಯಾರನ್ನು ಕೇಳಬೇಕು ಅನ್ನುವ ಪ್ರಶ್ನೆಗಳೂ ಜೊತೆಗೇ ಬಂದಿವೆ. ಪೋಷಕರು ಕೇಳುತ್ತಾರೆ, ಹೊಸದಾಗಿ ವಿಶೇಷ ಶಿಕ್ಷಣದ ಬಿ.ಎಡ್ ಮುಗಿಸಿದವರು ಕೇಳುತ್ತಾರೆ, ಸೆಂಟರ್ ನಡೆಸುವವರೂ ಕೇಳುತ್ತಾರೆ.

ನಾನು ವಿಶೇಷ ಶಿಕ್ಷಕಿ, ವಕೀಲೆ ಅಲ್ಲ. ವಿಷಯ ಠಾಣೆ, ಕೋರ್ಟಿನ ತನಕ ಹೋಗಿದ್ದರೆ ವಕೀಲರನ್ನೇ ನೋಡಿ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಹತ್ತಿರ ಬರುವ ಎಷ್ಟೋ ಮಕ್ಕಳು ಮನೆಗೆ ಹೋಗಿ "ಇವತ್ತು ಮೇಡಂ ಹೀಗೆ ಮಾಡಿದರು" ಅಂತ ಹೇಳಲಾರರು. ಕೆಳಗೆ ಬರುವ ಕಾನೂನು, ಕಟ್ಟಳೆ ಎಲ್ಲ ಇರುವುದು ಆ ಒಂದು ಕಾರಣಕ್ಕೆ.

"ಬಿಹೇವಿಯರ್ ಥೆರಪಿಸ್ಟ್" ಅಂತ ಬೋರ್ಡ್ ಹಾಕಲು ಲೈಸೆನ್ಸ್ ಬೇಕಾ?

ಮಗು ಯಾಕೆ ಹೀಗೆ ವರ್ತಿಸುತ್ತೆ ಅಂತ ಹುಡುಕಿ, ಅದರ ಬದಲು ಬೇರೆಯದನ್ನು ಕಲಿಸುವವರು ಬಿಹೇವಿಯರ್ ಥೆರಪಿಸ್ಟ್. ಲೈಸೆನ್ಸ್ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ. ಸ್ವಲ್ಪ ತಾಳ್ಮೆಯಿಂದ ಓದಿ.

1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ ಅಂತ ಒಂದಿದೆ. ನಾವೆಲ್ಲ ಆರ್‌ಸಿಐ ಅಂತ ಕರೆಯುವುದು ಈ ಪರಿಷತ್ತನ್ನೇ. ವಿಶೇಷ ಶಿಕ್ಷಕರು, ಕ್ಲಿನಿಕಲ್ ಸೈಕಾಲಜಿಸ್ಟ್, ಪುನರ್ವಸತಿ ಮನಶ್ಶಾಸ್ತ್ರಜ್ಞರು, ಸ್ಪೀಚ್ ಥೆರಪಿಸ್ಟ್ ಹೀಗೆ 16 ಬಗೆಯ ವೃತ್ತಿಗಳು ಅದರ ಕೆಳಗೆ ಬರುತ್ತವೆ. ಈ ಕೆಲಸ ಮಾಡುವವರ ಹೆಸರು ಕೇಂದ್ರ ಪುನರ್ವಸತಿ ರಿಜಿಸ್ಟರ್‌ನಲ್ಲಿ ಇರಲೇಬೇಕು. ಇಲ್ಲದೆ ಕೆಲಸ ಮಾಡಿದರೆ 13ನೇ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾವಿರ ರೂಪಾಯಿಗೆ ಇವತ್ತು ಯಾರೂ ಹೆದರಲ್ಲ, ಬಿಡಿ. ಹೆದರಬೇಕಾದದ್ದು ಜೈಲು ಅನ್ನುವ ಮಾತಿಗೆ.

ತೊಡಕು ಇರುವುದು ಇಲ್ಲಿ: ಆ 16ರಲ್ಲಿ "ಬಿಹೇವಿಯರ್ ಥೆರಪಿಸ್ಟ್" ಅನ್ನುವ ಹೆಸರೇ ಇಲ್ಲ. 2021ರಲ್ಲಿ ಬಂದ ರಾಷ್ಟ್ರೀಯ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಆಯೋಗದ ಕಾಯ್ದೆಯ ಪಟ್ಟಿಯಲ್ಲಿ "ಬಿಹೇವಿಯರಲ್ ಅನಲಿಸ್ಟ್" ಅಂತ ಸೇರಿದೆ. ಆಕ್ಯುಪೇಷನಲ್ ಥೆರಪಿಸ್ಟ್, ಫಿಸಿಯೋಥೆರಪಿಸ್ಟ್ ಬರುವುದೂ ಈ ಕಾಯ್ದೆಯ ಕೆಳಗೇ. ಇನ್ನು ಎಬಿಎ (ಬಿಹೇವಿಯರ್ ಥೆರಪಿಯ ಒಂದು ಪದ್ಧತಿ) ಕಲಿತವರು ಹೇಳುವ ಬಿಸಿಬಿಎ ಅಮೆರಿಕದ ಬಿಎಸಿಬಿ ಅನ್ನುವ ಮಂಡಳಿ ಕೊಡುವ ಪ್ರಮಾಣಪತ್ರ. 2023ರಿಂದ ಭಾರತದ ಹೊಸಬರ ಅರ್ಜಿಯನ್ನು ಆ ಮಂಡಳಿ ತೆಗೆದುಕೊಳ್ಳುತ್ತಿಲ್ಲ. ಅದಕ್ಕಿಂತ ಮೊದಲು ಪಡೆದವರು ನಮ್ಮಲ್ಲಿ ಇದ್ದಾರೆ.

ಹಾಗಾದರೆ ಈ ಹೆಸರು ಹಾಕಿಕೊಂಡು ಯಾರು ಬೇಕಾದರೂ ಕೂತುಬಿಡಬಹುದಾ? ನನ್ನ ಪ್ರಕಾರ ಆಗಲ್ಲ. ಬೋರ್ಡಿನಲ್ಲಿ ಏನೇ ಬರೆದಿರಲಿ, ಮಾಡುತ್ತಿರುವುದು ಅಂಗವಿಕಲ ಮಗುವಿಗೆ ಕಲಿಸುವ ಕೆಲಸ ಅಥವಾ ಪರೀಕ್ಷಿಸುವ ಕೆಲಸ. ಆ ಕೆಲಸಕ್ಕೆ ಬೇಕಾದ ಓದು, ನೋಂದಣಿ ಇರಬೇಕು. ಮೂರು ತಿಂಗಳ ಆನ್‌ಲೈನ್ ಕೋರ್ಸ್ ಮಾಡಿದವರು ಅನುಭವಸ್ಥರ ಕೈಕೆಳಗೆ ಸಹಾಯಕರಾಗಿ ಕೆಲಸ ಮಾಡಲಿ, ತಪ್ಪಿಲ್ಲ. ಒಬ್ಬರೇ ಯೋಜನೆ ಹಾಕಿ, ಒಬ್ಬರೇ ಥೆರಪಿ ಮಾಡಿ, ಒಬ್ಬರೇ ರಿಪೋರ್ಟ್ ಬರೆಯುವುದು ಮಾತ್ರ ಬೇಡ.

ನಾವು ಪೋಷಕರು. ಇದನ್ನೆಲ್ಲ ಹೇಗೆ ಪರೀಕ್ಷೆ ಮಾಡೋದು? ಕೇಳಿದರೆ ಮೇಡಂ ಬೇಜಾರು ಮಾಡ್ಕೋತಾರೆ.

ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. "ಮೇಡಂ, ನಿಮ್ಮ ಸಿಆರ್‌ಆರ್ ನಂಬರ್ ಎಷ್ಟು?" ಅಂತ ಸೀದಾ ಕೇಳಿ. ಮೇಲೆ ಹೇಳಿದ ಕೇಂದ್ರ ಪುನರ್ವಸತಿ ರಿಜಿಸ್ಟರಿನ ನಂಬರ್ ಅದು. ಆರ್‌ಸಿಐ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಹೆಸರಿನ ಜೊತೆ ಯಾವ ಅರ್ಹತೆ, ಎಲ್ಲಿಯವರೆಗೆ ಚಾಲ್ತಿ ಅನ್ನುವುದನ್ನೂ ನೋಡಿ. ನೋಂದಣಿಯನ್ನು ಆಗಾಗ ನವೀಕರಿಸಬೇಕು. ಅದಕ್ಕೆ ತರಬೇತಿಗಳಿಗೆ ಹೋಗಿ ಸಿಆರ್‌ಇ ಅಂಕ ಗಳಿಸಬೇಕು. ಸರಿಯಾಗಿ ಓದಿದವರು ಈ ಪ್ರಶ್ನೆಗೆ ಖುಷಿಪಡುತ್ತಾರೆ. ನಂಬರನ್ನು ಗೋಡೆಗೇ ಹಾಕಿಬಿಟ್ಟರೆ ಯಾರೂ ಕೇಳುವ ಹಾಗೇ ಇರುವುದಿಲ್ಲ.

ನಮ್ಮ ಮನೆಯ ಎರಡು ಕೋಣೆಯಲ್ಲೇ ಸೆಂಟರ್ ನಡೆಸ್ತಿದ್ದೀನಿ. ಟ್ರೇಡ್ ಲೈಸೆನ್ಸ್ ಇದೆ. ಸಾಕಲ್ವಾ?

ಸಾಲದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 49, 50ನೇ ಸೆಕ್ಷನ್ ಓದಿ. ಅಂಗವಿಕಲರ ಆರೈಕೆ, ಶಿಕ್ಷಣ, ತರಬೇತಿ, ಪುನರ್ವಸತಿ ಯಾವುದನ್ನು ಮಾಡಿದರೂ ಅದು "ಸಂಸ್ಥೆ". ನೋಂದಣಿ ಪ್ರಮಾಣಪತ್ರ ಇಲ್ಲದೆ ಸಂಸ್ಥೆ ನಡೆಸುವ ಹಾಗಿಲ್ಲ. ಟ್ರಸ್ಟ್ ನೋಂದಣಿ ಬೇರೆ, ಇದು ಬೇರೆ. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಗೆ ಹೋಗಿ ಕೇಳಿ. ಕಾಯ್ದೆ ಮುರಿದರೆ ಮೊದಲ ಸಲ 10,000 ರೂಪಾಯಿವರೆಗೆ ದಂಡ. ಆಮೇಲೂ ಮುರಿದರೆ 50,000ದಿಂದ 5 ಲಕ್ಷದವರೆಗೆ.

ಅಡ್ಮಿಷನ್ ದಿನ ಸಹಿ ಹಾಕಿಸಿಕೊಂಡಿರ್ತೀವಿ. ಒಪ್ಪಿಗೆ ಅಂದರೆ ಅಷ್ಟೇ ಅಲ್ವಾ?

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ತುಂಬಾ ಮುಖ್ಯ. ಇಲ್ಲಿ ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಸಂಡೂರು ಕಡೆಯ ತಾಂಡಾದಿಂದ ಬಂದವರ ಮನೆಮಾತು ಲಂಬಾಣಿ. ಫಾರಂ ಮಾತ್ರ ಇಂಗ್ಲಿಷ್‌ನಲ್ಲಿ! ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ, ಮಗುವನ್ನು ಕರೆತರುವುದು ಅಜ್ಜಿ. ಆಯಮ್ಮ ಹೆಬ್ಬೆಟ್ಟು ಒತ್ತಿ ಹೋಗುತ್ತಾರೆ. ಅದನ್ನು ಒಪ್ಪಿಗೆ ಅನ್ನುವುದಕ್ಕೆ ನನಗೆ ಮನಸ್ಸಾಗುವುದಿಲ್ಲ.

ಏನು ಮಾಡುತ್ತೀರಿ, ಯಾಕೆ ಮಾಡುತ್ತೀರಿ, ಎಷ್ಟು ದಿನ ಹಿಡಿಯಬಹುದು, ಫೀಸು ಎಷ್ಟು, ಬೇರೆ ದಾರಿ ಏನಿದೆ, ಇಷ್ಟ ಇಲ್ಲದಿದ್ದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು ಅನ್ನುವುದು. ಇಷ್ಟನ್ನು ಅವರ ಭಾಷೆಯಲ್ಲಿ ಹೇಳಿ. ಭಾಷೆ ಬರದಿದ್ದರೆ ಬರುವವರನ್ನು ಕೂರಿಸಿಕೊಳ್ಳಿ. ಹೇಳಿದ ಮೇಲೆ "ನಿಮಗೆ ಏನು ಅರ್ಥ ಆಯ್ತು, ನೀವೇ ಹೇಳಿ ನೋಡೋಣ" ಅಂತ ಕೇಳಿ. ಆಗ ಗೊತ್ತಾಗುತ್ತೆ ನಿಜ ಸ್ಥಿತಿ. "ಮಾತು ಬರೋ ಇಂಜೆಕ್ಷನ್ ಕೊಡ್ತಾರಂತೆ" ಅಂದುಕೊಂಡು ಬಂದವರೂ ಇರುತ್ತಾರೆ. ಹೆಬ್ಬೆಟ್ಟಾದರೆ ಓದಿ ಹೇಳಿದವರ ಹೆಸರು, ಒಬ್ಬ ಸಾಕ್ಷಿ ಸಹಿ ಇರಲಿ. ಅಪ್ಪ ಅಮ್ಮ ದೂರ ಇದ್ದರೆ ವಿಡಿಯೋ ಕಾಲ್ ಮಾಡಿ ಮಾತಾಡಿ, ತಾರೀಖು ಬರೆದಿಡಿ. ಯೋಜನೆ ಬದಲಾದರೆ ಒಪ್ಪಿಗೆಯನ್ನೂ ಮತ್ತೆ ಕೇಳಬೇಕು.

ಇನ್ನು ಮಗು. ಕಾನೂನಿನ ಒಪ್ಪಿಗೆ ಪೋಷಕರದ್ದು, ಸರಿ. ಆದರೆ ಮುಖ ತಿರುಗಿಸುವುದು, ಕೈ ತಳ್ಳುವುದು, ಬಾಗಿಲ ಕಡೆ ಓಡುವುದು ಇವೆಲ್ಲ ಮಗುವಿನ "ಬೇಡ". ಅದನ್ನು ದಿನವೂ ತುಳಿದು ಹಾಕಿದರೆ ದೊಡ್ಡವರು ಏನು ಮಾಡಿದರೂ ಸುಮ್ನೆ ಇರಬೇಕು ಅಂತ ಆ ಮಗುವಿಗೆ ಕಲಿಸಿದಂತೆ. ನಾಳೆ ಕೆಟ್ಟವರೊಬ್ಬರು ಮೈ ಮುಟ್ಟಿದಾಗಲೂ ಅದು ಸುಮ್ಮನಿರುತ್ತೆ.

ಮಗನಿಗೆ 18 ತುಂಬಿತು. ಇನ್ನೂ ನಾವೇ ಸಹಿ ಹಾಕಬಹುದಾ?

ತಾನಾಗಿಯೇ ಆ ಅಧಿಕಾರ ಮುಂದುವರಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ, ಬಹುವಿಧ ಅಂಗವಿಕಲತೆ ಈ ನಾಲ್ಕರಲ್ಲಿ ಒಂದಿದ್ದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಕಾನೂನುಬದ್ಧ ಪೋಷಕತ್ವಕ್ಕೆ ಅರ್ಜಿ ಹಾಕಬಹುದು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಇದನ್ನು ಕೊಡುತ್ತೆ. ಆದರೆ 18 ದಾಟಿದ ಎಲ್ಲರಿಗೂ ಇದು ಬೇಕೇ ಬೇಕು ಅಂತೇನಿಲ್ಲ. ತನಗೆ ಏನು ಬೇಕು ಅಂತ ಹೇಳಬಲ್ಲ ಹುಡುಗನಿಗೆ ನಿರ್ಧಾರ ಮಾಡಲು ಜೊತೆ ನಿಂತರೆ ಸಾಕಾಗುತ್ತೆ.

"ಎರಡು ಏಟು ಕೊಡಿ ಮೇಡಂ, ನಾವೇನೂ ಅನ್ನಲ್ಲ" ಅಂತ ತಂದೆ ತಾಯಿನೇ ಹೇಳ್ತಾರೆ. ಆಗ?

ಆಗಲೂ ಹೊಡೆಯುವ ಹಾಗಿಲ್ಲ. ಕಾನೂನು ತಡೆದದ್ದಕ್ಕೆ ಪೋಷಕರು ಪರವಾನಗಿ ಕೊಡಲು ಬರುವುದಿಲ್ಲ.

ಶಾಲೆಯಲ್ಲಾದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ. ಮಗುವಿನ ಹೊಣೆ ಹೊತ್ತವರು ಹಲ್ಲೆ ಮಾಡಿ, ಕಡೆಗಣಿಸಿ ನೋವು ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಅನ್ವಯಿಸುತ್ತೆ. ಮಕ್ಕಳ ಆರೈಕೆಯ ಸಂಸ್ಥೆಯಲ್ಲಿ ಕೆಲಸ ಮಾಡುವವರು ಇದನ್ನು ಮಾಡಿದರೆ ಐದು ವರ್ಷದವರೆಗೆ ಕಠಿಣ ಜೈಲು, 5 ಲಕ್ಷದವರೆಗೆ ದಂಡ. ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಇನ್ನೊಂದು. ಎಲ್ಲರೆದುರು ಬೇಕಂತಲೇ ಅವಮಾನಿಸುವುದೂ ಅದರಲ್ಲಿ ಅಪರಾಧವೇ. ಕನಿಷ್ಠ ಆರು ತಿಂಗಳು, ಹೆಚ್ಚೆಂದರೆ ಐದು ವರ್ಷ. ಕತ್ತಲೆ ಕೋಣೆಗೆ ಹಾಕಿ ಚಿಲಕ ಹಾಕುವುದನ್ನು ಕೆಲವರು "ಟೈಮ್ ಔಟ್" ಅನ್ನುತ್ತಾರೆ. ಹೆಸರು ಏನೇ ಇಟ್ಟರೂ ಪೊಲೀಸರು ಅದನ್ನು ಅಕ್ರಮ ಬಂಧನ ಅಂತ ಬರೆದುಕೊಳ್ಳಬಹುದು.

ಮಗು ರಸ್ತೆಗೆ ಓಡ್ತಿದ್ರೆ? ಹಿಡಿದುಕೊಳ್ಳಲೂ ಬಾರದಾ?

ಹಿಡಿದುಕೊಳ್ಳಿ! ಪ್ರಾಣಕ್ಕೆ, ಮೈಗೆ ಆಗಲೇ ಅಪಾಯ ಇದ್ದರೆ ತಡೆಯುವುದು ನಿಮ್ಮ ಕರ್ತವ್ಯ. ಅಪಾಯ ಹೋದ ಕೂಡಲೇ ಬಿಡಿ. ಎದೆ ಮೇಲೆ ಭಾರ ಹಾಕಬೇಡಿ, ಬೋರಲು ಮಲಗಿಸಿ ಒತ್ತಬೇಡಿ, ಉಸಿರಾಟಕ್ಕೇ ತೊಂದರೆ ಆಗುತ್ತೆ. ಅದೇ ದಿನ ಪೋಷಕರಿಗೆ ತಿಳಿಸಿ, ಬರೆದಿಡಿ. ಕುರ್ಚಿಗೆ ದುಪ್ಪಟ್ಟಾ ಕಟ್ಟಿ ಕೂರಿಸುವುದು ಇದರಲ್ಲಿ ಬರುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಆಸ್ಪತ್ರೆಯವರು ರೋಗಿಯನ್ನು ಕಟ್ಟಿಹಾಕಬೇಕಾದರೂ ಮನೋವೈದ್ಯರ ಅನುಮತಿ ಬೇಕು, ಬೇರೆ ದಾರಿ ಇರಬಾರದು, ಎಲ್ಲ ದಾಖಲೆ ಆಗಬೇಕು. ಆಸ್ಪತ್ರೆಗೇ ಇಷ್ಟು ಬಿಗಿ ಇರುವಾಗ ನಮ್ಮಂಥ ಸೆಂಟರಿಗೆ ಆ ಅಧಿಕಾರ ಎಲ್ಲಿಂದ ಬರಬೇಕು?

ಚಿಪ್ಸ್ ಕೊಟ್ಟು ಕೆಲಸ ಮಾಡಿಸ್ತೀವಿ. ಅದೂ ತಪ್ಪಾ?

ಚಿಪ್ಸ್ ತಪ್ಪಲ್ಲ. ಹೊಟ್ಟೆಗೆ ಹಾಕದೆ ಹಸಿವು ಹೆಚ್ಚಿಸಿ ಕೆಲಸ ತೆಗೆಯುವುದು ತಪ್ಪು. ಹಸಿದ ಮಗು ಬಹುಮಾನಕ್ಕೆ ಬೇಗ ಬಗ್ಗುತ್ತೆ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ತಾಯಿ ಕಟ್ಟಿಕೊಟ್ಟ ಡಬ್ಬಿಯ ಚಪಾತಿಯನ್ನೇ ಮುಂದಿಟ್ಟುಕೊಂಡು "ಮೊದಲು ಬಣ್ಣ ಹೇಳು, ಆಮೇಲೆ ತಿನ್ನು" ಅನ್ನುವವರೂ ಇದ್ದಾರೆ. ಅಂಗವಿಕಲರ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಇದನ್ನು ಬಿಡಿಸಿಯೇ ಹೇಳಿದೆ. ಅಂಗವಿಕಲ ವ್ಯಕ್ತಿಯ ಹೊಣೆ ಹೊತ್ತವರು ಗೊತ್ತಿದ್ದೂ ಊಟ, ನೀರು ತಡೆದರೆ ಅದೂ ಆರು ತಿಂಗಳಿಂದ ಐದು ವರ್ಷದ ಅಪರಾಧ.

ಹಾಗಾಗಿ ಒಂದು ಗೆರೆ ಹಾಕಿಕೊಳ್ಳಿ. ಊಟದ ಡಬ್ಬಿ, ನೀರು, ಶೌಚ, ಮಾತಾಡಲು ಬಳಸುವ ಚಿತ್ರದ ಕಾರ್ಡು ಇವು ಮಗುವಿನ ಹಕ್ಕು, ಬಹುಮಾನದ ಪಟ್ಟಿಗೆ ಸೇರಿಸಬೇಡಿ. ಬಳ್ಳಾರಿ ಬೇಸಿಗೆಯಲ್ಲಿ ನೀರಿನ ಬಾಟಲಿ ಮಗುವಿನ ಕೈಗೆ ಸಿಗುವ ಹಾಗೇ ಇರಲಿ. ಹೆಚ್ಚಿಗೆ ಕೊಡುವ ಒಂದು ಹಿಡಿ ಮಂಡಕ್ಕಿ, ಸೋಪಿನ ಗುಳ್ಳೆ, ಉಯ್ಯಾಲೆ, ಇಷ್ಟದ ಹಾಡು ಇವನ್ನು ಬಹುಮಾನ ಮಾಡಿ. ತಿಂಡಿ ಕೊಡುವ ಮೊದಲು ಅಲರ್ಜಿ ಕೇಳಿ. ಮನೆಯವರು ಕೊಡಬೇಡಿ ಅಂದ ಪದಾರ್ಥ ಕೊಡಬೇಡಿ.

ದಿನಾ ನೋಟ್ಸ್ ಬರೆಯಲು ಟೈಮೇ ಇಲ್ಲ. ವಾರಕ್ಕೊಮ್ಮೆ ಒಟ್ಟಿಗೆ ಬರೆದರೆ ಆಗಲ್ವಾ?

ಆಗಲ್ಲ. ಶನಿವಾರ ಕೂತು ಸೋಮವಾರದ ಅಂಕಿ ತುಂಬುವುದಕ್ಕೆ ಸುಳ್ಳು ದಾಖಲೆ ಅನ್ನುತ್ತಾರೆ. ಆ ಅಂಕಿ ನೋಡಿಯೇ ಪೋಷಕರು ಇನ್ನೊಂದು ತಿಂಗಳ ಫೀಸು ಕಟ್ಟುತ್ತಾರೆ, ಡಾಕ್ಟರು ಔಷಧಿ ಏರಿಸುತ್ತಾರೆ, ಇಳಿಸುತ್ತಾರೆ.

ನೋಟ್ಸ್ ಉದ್ದ ಇರಬೇಕಿಲ್ಲ, ಕಣ್ಣಿಗೆ ಕಂಡದ್ದು ಇದ್ದರೆ ಸಾಕು. ಏಳು ವರ್ಷದ ಹುಡುಗ ಕೈ ಕಚ್ಚಿಕೊಳ್ಳುತ್ತಾನೆ ಅಂದುಕೊಳ್ಳಿ. ಒಬ್ಬರು ಬರೆಯುತ್ತಾರೆ: "ಇವತ್ತು ತುಂಬಾ ಹಠ. ಕೈ ಕಚ್ಚಿಕೊಂಡ." ಇನ್ನೊಬ್ಬರು ಬರೆಯುತ್ತಾರೆ: "11.10. ಎರಡನೇ ಬರವಣಿಗೆ ಹಾಳೆ ಮುಂದಿಟ್ಟೆ. ತಳ್ಳಿದ. 'ಬರಿ' ಅಂತ ಎರಡು ಸಲ ಹೇಳಿದೆ. ಬಲ ಮಣಿಕಟ್ಟು ಕಚ್ಚಿಕೊಂಡ. ಹಲ್ಲಿನ ಗುರುತು ಇದೆ, ರಕ್ತ ಇಲ್ಲ. ಹಾಳೆ ತೆಗೆದೆ. ಅರ್ಧ ನಿಮಿಷದಲ್ಲಿ ನಿಲ್ಲಿಸಿದ."

ಮೊದಲನೆಯದರಿಂದ ಏನೂ ತಿಳಿಯಲ್ಲ, ಹುಡುಗನ ಮೇಲೆ ಒಂದು ಹೆಸರು ಬಿತ್ತು ಅಷ್ಟೇ. ಎರಡನೆಯದರಲ್ಲಿ ಕಥೆ ಪೂರ್ತಿ ಇದೆ. ಕಚ್ಚಿಕೊಂಡರೆ ಹಾಳೆ ಹೋಗುತ್ತೆ ಅಂತ ಅವನು ಕಲಿತಿದ್ದಾನೆ, ಕಲಿಸಿದ್ದು ನಾವೇ. ಇಂಥದ್ದೇ ಟಿಪ್ಪಣಿ ನಾಲ್ಕೈದು ಸೇರಿದರೆ ಯೋಜನೆ ತಾನಾಗಿ ಹೊಳೆಯುತ್ತೆ. ಹಾಳೆ ಚಿಕ್ಕದು ಮಾಡಬೇಕು, ಕಚ್ಚುವ ಮೊದಲೇ "ಸಾಕು" ಕಾರ್ಡು ಕೊಡಲು ಕಲಿಸಬೇಕು, ಕಾರ್ಡು ಕೊಟ್ಟ ಕೂಡಲೇ ನಾವು ನಿಲ್ಲಿಸಬೇಕು. ಮಗು ಯಾವುದರಿಂದಲೋ ತಪ್ಪಿಸಿಕೊಳ್ಳಲು ಹೀಗೆ ಮಾಡುತ್ತಿದೆಯಾ, ಗಮನ ಬೇಕಾ, ವಸ್ತು ಬೇಕಾ, ಮೈಗೆ ಹಿತವಾಗುತ್ತಾ ಅನ್ನುವುದನ್ನು ಹುಡುಕದೆ ವರ್ತನೆ ನಿಲ್ಲಿಸಲು ಹೊರಡುವುದು ಅನೈತಿಕ ಅಂತ ನನ್ನ ಗಟ್ಟಿ ಅಭಿಪ್ರಾಯ. ಅದಕ್ಕೂ ಮೊದಲು ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯಾ ಅಂತ ಡಾಕ್ಟರ ಹತ್ತಿರ ತೋರಿಸಿ. ಮಾತು ಬಾರದ ಮಗು ತಲೆ ಗೋಡೆಗೆ ಚಚ್ಚಿಕೊಂಡರೆ ಎಲ್ಲೋ ನೋವಿರಬಹುದು ಅಂತ ಮೊದಲು ಅನುಮಾನಿಸಬೇಕು.

ಕೇಸು ಗೀಸು ಆದರೆ ಪ್ರಾಮಾಣಿಕ ಥೆರಪಿಸ್ಟ್‌ನ ಕೈ ಹಿಡಿಯುವುದೂ ಇದೇ ನೋಟ್‌ಬುಕ್.

ಮಗುವಿನ ಪ್ರಗತಿಯ ವಿಡಿಯೋ ವಾಟ್ಸಾಪ್ ಸ್ಟೇಟಸ್‌ಗೆ, ಇನ್‌ಸ್ಟಾಗೆ ಹಾಕಬಹುದಾ? ಮುಖ ಮಸುಕು ಮಾಡ್ತೀವಿ.

ಬಳ್ಳಾರಿಯಂಥ ಊರಲ್ಲಿ ಮುಖ ಮಸುಕಾದರೇನು, ಅಂಗಿ ನೋಡಿ, ಅಮ್ಮನ ದನಿ ಕೇಳಿ ಗುರುತು ಹಿಡಿಯುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ 18ರ ಒಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತ ಹಂತವಾಗಿ ಜಾರಿಯಾಗುತ್ತಿವೆ. ಥೆರಪಿಗೆ ಕೊಟ್ಟ ಒಪ್ಪಿಗೆ ಜಾಹೀರಾತಿಗೆ ಸಲ್ಲುವುದಿಲ್ಲ. "ಫೀಸು ಕಮ್ಮಿ ಮಾಡ್ತೀವಿ, ವಿಡಿಯೋ ಹಾಕೋಕೆ ಬಿಡಿ" ಅನ್ನುವುದಂತೂ ಕೆಟ್ಟ ವ್ಯಾಪಾರ.

ಯೋಜನೆಗೆ ಬೇಕಾದ ವಿಡಿಯೋ ಸೆಂಟರ್‌ನ ಫೋನಿನಲ್ಲಿರಲಿ, ನಿಮ್ಮ ಸ್ವಂತ ಫೋನಿನಲ್ಲಿ ಬೇಡ. ಪೋಷಕರ ಗ್ರೂಪಿನಲ್ಲಿ ಒಬ್ಬರ ಮಗುವಿನ ರಿಪೋರ್ಟ್ ಇನ್ನೊಬ್ಬರು ನೋಡುವಂತೆ ಹಾಕಬೇಡಿ. ಸಿಸಿ ಕ್ಯಾಮೆರಾ ಇದ್ದರೆ ಒಳ್ಳೆಯದು, ಶೌಚಾಲಯ ಮತ್ತು ಬಟ್ಟೆ ಬದಲಿಸುವ ಜಾಗ ಬಿಟ್ಟು.

ಮಗುವಿನ ಮೈಮೇಲೆ ಗಾಯ ಕಂಡಿತು, ಏನೋ ಆಗಿದೆ ಅನ್ನಿಸ್ತಿದೆ. ಮನೆಯವರು "ಮರ್ಯಾದೆ ಪ್ರಶ್ನೆ, ಸುಮ್ನಿರಿ" ಅಂತಾರೆ.

ಲೈಂಗಿಕ ದೌರ್ಜನ್ಯದ ಅನುಮಾನ ಇದ್ದರೆ ಸುಮ್ಮನಿರಲು ಕಾನೂನು ಬಿಡುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅಪರಾಧ ನಡೆದಿದೆ ಅಂತ ತಿಳಿದ ಯಾರೇ ಆಗಲಿ, ನಡೆಯಬಹುದು ಅನ್ನುವ ಆತಂಕ ಇದ್ದವರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರು ಮಾಡಿದ್ದನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ ಅನ್ನುವುದೂ ಅದೇ ಸೆಕ್ಷನ್‌ನಲ್ಲಿದೆ. ಮಗುವಿನ ಅಂಗವಿಕಲತೆಯ ದುರ್ಲಾಭ ಪಡೆದರೆ ಆ ಅಪರಾಧ ಇನ್ನೂ ಗಂಭೀರ ಅಂತ ಕಾಯ್ದೆ ಎಣಿಸುತ್ತೆ.

ನೀವು ತನಿಖೆ ಮಾಡಬೇಡಿ. ಮಗು ಏನು ಹೇಳಿತೋ, ಯಾವ ಸನ್ನೆ ಮಾಡಿತೋ, ಯಾವ ಚಿತ್ರ ತೋರಿಸಿತೋ ಅದನ್ನು ಹಾಗೇ ಬರೆಯಿರಿ. "ಮಾವ ಮಾಡಿದ್ನಾ? ಇಲ್ಲಿ ಮುಟ್ಟಿದ್ನಾ?" ಅಂತ ಬಾಯಿಗೆ ಮಾತು ತುರುಕಬೇಡಿ, ಕೋರ್ಟಿನಲ್ಲಿ ಅದೇ ಕೇಸನ್ನು ಕೆಡಿಸುತ್ತೆ. ಬಟ್ಟೆ ತೊಳೆಯದಂತೆ ಹೇಳಿ. ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಫೋನ್ ಮಾಡಿ. ಸಿಬ್ಬಂದಿ ಗ್ರೂಪಿನಲ್ಲಿ ಚರ್ಚೆ ಬೇಡ. ಮಗುವಿನ ಗುರುತು ಹೊರಗೆ ಬಿಡುವುದೂ ಅಪರಾಧವೇ.

ಇದರ ಇನ್ನೊಂದು ಮುಖ ನಮ್ಮಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ಮಗು ಅಂಗವಿಕಲವಾಗಿದ್ದರೆ ಹೇಳಿಕೆ ಪಡೆಯುವಾಗ ವಿಶೇಷ ಶಿಕ್ಷಕರ ಅಥವಾ ಆ ಮಗುವಿನ ಸಂವಹನ ಬಲ್ಲವರ ನೆರವು ಪಡೆಯಬಹುದು ಅಂತ ಪೋಕ್ಸೊದ 26 ಮತ್ತು 38ನೇ ಸೆಕ್ಷನ್ ಹೇಳುತ್ತವೆ. ನಾವು ಹೋಗದಿದ್ದರೆ ಆ ಮಗುವಿನ ಸಾಕ್ಷ್ಯವೇ ಇಲ್ಲ. ಠಾಣೆಯಿಂದ ಕರೆ ಬಂದರೆ ಹಿಂಜರಿಯಬೇಡಿ. ಮಗು ಹೇಳಿದ್ದನ್ನು ದಾಟಿಸಿ, ಹೇಳದ್ದನ್ನು ಸೇರಿಸಬೇಡಿ.

"ಆರು ತಿಂಗಳಲ್ಲಿ ಆಟಿಸಂ ವಾಸಿ" ಅಂತ ಪ್ಯಾಕೇಜ್ ಕೊಡ್ತಿದ್ದಾರೆ. ಸೇರಿಸಬಹುದಾ?

ಬೇಡ. ಆಟಿಸಂ ವಾಸಿಯಾಗುವ ಕಾಯಿಲೆ ಅಲ್ಲ. ಕಲಿಕೆ, ಮಾತು, ದಿನದ ಕೆಲಸ ಎಷ್ಟೋ ಸುಧಾರಿಸಬಹುದು, ಎಷ್ಟು ಅಂತ ಮೊದಲೇ ಯಾರೂ ಬರೆದುಕೊಡಲಾರರು. ಬರೆದುಕೊಟ್ಟರೆ ಅನುಮಾನಪಡಿ. ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಸಾಲ ಮಾಡುವವರೂ ಇದ್ದಾರೆ. ಆಟಿಸಂಗೆ ಅದನ್ನು ಚಿಕಿತ್ಸೆಯಾಗಿ ಶಿಫಾರಸು ಮಾಡುವುದಿಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರಲ್ಲೇ ಹೇಳಿದೆ.

ಮುಂಗಡ ಪ್ಯಾಕೇಜ್ ಕಟ್ಟಿ ಮೋಸ ಹೋಗಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ರಸೀದಿ ಇಟ್ಟುಕೊಂಡಿರಿ. ಫೀಸಿನ ಭಾರ ಜಾಸ್ತಿ ಅನ್ನುವವರು ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆ ಬಗ್ಗೆ ವಿಚಾರಿಸಿ. ಮೇಲೆ ಹೇಳಿದ ನಾಲ್ಕು ಬಗೆಯವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಥೆರಪಿಯೂ ಸೇರಿ.

ವಿಶೇಷ ಶಿಕ್ಷಕರು "ನಿಮ್ಮ ಮಗುವಿಗೆ ಆಟಿಸಂ" ಅಂತ ಬರೆದುಕೊಡಬಹುದಾ? ಫಿಟ್ಸ್ ಮಾತ್ರೆ ನಿಲ್ಲಿಸಿ ಅನ್ನಬಹುದಾ?

ಎರಡೂ ಇಲ್ಲ. ನಾವು ಕಂಡ ಲಕ್ಷಣ ಬರೆದು ಕಳಿಸಬಹುದು. ರೋಗನಿರ್ಣಯ ವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ಪ್ರಮಾಣಪತ್ರ ಸರ್ಕಾರಿ ವೈದ್ಯಕೀಯ ಮಂಡಳಿಯಿಂದಲೇ ಬರಬೇಕು. "ಅಂಗವಿಕಲತೆ 40 ಪರ್ಸೆಂಟ್ ಬರೋ ಹಾಗೆ ರಿಪೋರ್ಟ್ ಮಾಡಿಕೊಡಿ" ಅಂತ ಯಾರಾದರೂ ಕೇಳಿದರೆ ಕೈ ಮುಗಿದು ಕಳಿಸಿ. ಮೋಸದಿಂದ ಸವಲತ್ತು ಪಡೆದರೆ ಎರಡು ವರ್ಷದವರೆಗೆ ಜೈಲು ಅಂತ ಅಂಗವಿಕಲರ ಹಕ್ಕುಗಳ ಕಾಯ್ದೆಯ 91ನೇ ಸೆಕ್ಷನ್ ಇದೆ.

ಹತ್ತಿರದ ಶಾಲೆಯವರು "ಇವನಿಗೆ ಸ್ಪೆಷಲ್ ಸ್ಕೂಲೇ ಸರಿ" ಅಂತ ವಾಪಸ್ ಕಳಿಸ್ತಿದ್ದಾರೆ.

ಹಾಗೆ ಕಳಿಸಲು ಬರುವುದಿಲ್ಲ. ಸರ್ಕಾರಿ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು (ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್). ಅಂಗವಿಕಲತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಹೆಚ್ಚಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಪಕ್ಕದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ನಿಮ್ಮದು (ಅದೇ ಕಾಯ್ದೆಯ 31ನೇ ಸೆಕ್ಷನ್). ಮೊದಲು ಬಿಇಒ ಕಚೇರಿಗೆ ಬರಹದಲ್ಲಿ ಅರ್ಜಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನ "ಇಲ್ಲ"ಕ್ಕೆ ಬೆಲೆ ಇಲ್ಲ.

ಶಿಕ್ಷಕರ ಕಡೆಯಿಂದಲೂ ಒಂದು ಮಾತು. ಒಬ್ಬ ಬಿಐಇಆರ್‌ಟಿ (ಶಾಲೆಯಿಂದ ಶಾಲೆಗೆ ಹೋಗಿ ಕಲಿಸುವ ತಾಲ್ಲೂಕಿನ ವಿಶೇಷ ಶಿಕ್ಷಕರು) ಮೇಲೆ ಎಷ್ಟು ಶಾಲೆಗಳ ಭಾರ ಇರುತ್ತೆ, ಸಿರುಗುಪ್ಪದ ಹಳ್ಳಿಗಳಿಗೆ ಬಸ್ಸಿನಲ್ಲಿ ಓಡಾಡಿದವರಿಗೇ ಗೊತ್ತು. ಪ್ರಾಥಮಿಕ ಹಂತದಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬ, ಅದರ ಮೇಲೆ 15ಕ್ಕೆ ಒಬ್ಬ ವಿಶೇಷ ಶಿಕ್ಷಕ ಇರಬೇಕು ಅಂತ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹುದ್ದೆ ಗುರುತಿಸಿ ನೇಮಕ ಮಾಡಿ ಅಂತ 2025ರ ಮಾರ್ಚ್‌ನಲ್ಲಿ ರಾಜ್ಯಗಳಿಗೆ ಮತ್ತೆ ಹೇಳಬೇಕಾಯಿತು. ನೇಮಕ ಆಗುವ ತನಕ ಎಲ್ಲ ಕಡೆ ಹೋಗಲು ಆಗದಿದ್ದರೆ ಆಗಲಿಲ್ಲ ಅಂತಲೇ ಬರೆಯಿರಿ. ಹೋಗದ ಮನೆಗೆ ಹೋದೆ ಅಂತ ಭೇಟಿ ಪುಸ್ತಕದಲ್ಲಿ ತುಂಬಿದರೆ ನಿಮಗೂ ಕಷ್ಟ, ಹುದ್ದೆ ಬೇಕು ಅನ್ನುವ ವಾದಕ್ಕೂ ಪೆಟ್ಟು.

ಪೋಷಕರು ಹಬ್ಬಕ್ಕೆ ಸೀರೆ ಕೊಡ್ತಾರೆ. ಡಾಕ್ಟರು ಮಕ್ಕಳನ್ನು ಕಳಿಸಿ ಕಮಿಷನ್ ಕೇಳ್ತಾರೆ.

ಜೋಳದ ರೊಟ್ಟಿ, ಮಲ್ಲಿಗೆ ಹೂವು ತೆಗೆದುಕೊಳ್ಳಿ. ಸೀರೆ, ದುಡ್ಡು ಬೇಡ. ಕೊಡಲಾಗದ ತಾಯಿಗೆ ತನ್ನ ಮಗುವಿಗೆ ಗಮನ ಕಮ್ಮಿ ಆಗುತ್ತೇನೋ ಅನ್ನುವ ಅಳುಕು ಬರಬಾರದು. ಕಮಿಷನ್ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಆರ್‌ಸಿಐಗೆ 1998ರ ವೃತ್ತಿ ನಡತೆಯ ನಿಯಮಾವಳಿ ಇದೆ. ದುರ್ನಡತೆ ಸಾಬೀತಾದರೆ ರಿಜಿಸ್ಟರಿನಿಂದ ಹೆಸರೇ ಹೋಗಬಹುದು.

ನಮ್ಮ ಸೀನಿಯರ್ ಮಗುವಿಗೆ ಹೊಡೀತಾರೆ. ನಾನು ಹೊಸಬಳು. ದೂರು ಎಲ್ಲಿ ಕೊಡೋದು? ಪೋಷಕರಾದರೆ?

ಮೊದಲು ಕಂಡದ್ದನ್ನು ದಿನ, ಹೊತ್ತು ಸಮೇತ ಬರೆದಿಡಿ. ಮುಖ್ಯಸ್ಥರಿಗೆ ಬರಹದಲ್ಲಿ ತಿಳಿಸಿ. ಅವರೇ ಹೊಡೆಯುವವರಾದರೆ, ಅಥವಾ ಮಗುವಿಗೆ ಅಪಾಯ ಇದ್ದರೆ ಅಲ್ಲಿ ಕಾಯಬೇಡಿ. 1098ಕ್ಕೆ ಫೋನ್ ಮಾಡಿ, ಇಲ್ಲವೇ ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಿ. ಅಂಗವಿಕಲರ ಮೇಲಿನ ದೌರ್ಜನ್ಯದ ಮಾಹಿತಿಯನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ತಹಶೀಲ್ದಾರರಂಥವರಿಗೆ, ಕೊಡಬಹುದು ಅಂತ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತೆ. ತಾಲ್ಲೂಕು ಕಚೇರಿ ಹತ್ತಿರವೇ ಇರುವುದರಿಂದ ಇದು ಒಳ್ಳೆಯ ದಾರಿ, ಬಳಸುವವರು ಕಮ್ಮಿ. ಹಕ್ಕು ಸಿಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿದ್ದಾರೆ. ಓದು, ನೋಂದಣಿಯ ತಕರಾರು ಇದ್ದರೆ ಆರ್‌ಸಿಐಗೆ ಬರೆಯಿರಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಕ್ಕಳು, ಹೆಂಗಸರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ. ಸಹಾಯವಾಣಿ 15100.

ಕೆಲಸ ಹೋಗಬಹುದು ಅನ್ನುವ ಭಯ ಇದ್ದೇ ಇರುತ್ತೆ, ಅದನ್ನು ಸುಳ್ಳು ಅನ್ನಲಾರೆ. ಆದರೆ ನೋಡಿಯೂ ಸುಮ್ಮನಿದ್ದು ನಾಳೆ ಕೇಸಾದರೆ ಹಾಜರಿ ಪುಸ್ತಕದಲ್ಲಿ ನಿಮ್ಮ ಸಹಿಯೂ ಇರುತ್ತೆ.

ಕೆಲಸ ಬಿಟ್ಟು ಬೇರೆ ಕಡೆ ಹೋಗ್ತಿದ್ದೀನಿ. ಮಕ್ಕಳ ಫೈಲ್ ತಗೊಂಡು ಹೋಗಬಹುದಾ?

ಇಲ್ಲ. "ನನ್ನ ಜೊತೆ ಬನ್ನಿ" ಅಂತ ಪೋಷಕರನ್ನು ಒತ್ತಾಯಿಸುವುದೂ ಬೇಡ. ಇದ್ದಕ್ಕಿದ್ದಂತೆ ನಾಪತ್ತೆಯಾಗಬೇಡಿ. ಕೆಲವು ಮಕ್ಕಳಿಗೆ ಮುಖ ಬದಲಾದರೆ ಕಲಿತದ್ದೇ ಜಾರುತ್ತೆ. ಸಾಧ್ಯವಾದರೆ ಹೊಸಬರ ಜೊತೆ ಕೆಲವು ದಿನ ಕೂತು ಹೋಗಿ. ಪ್ರತಿ ಮಗುವಿಗೂ ಎರಡು ಪುಟ ಬರೆಯಿರಿ. ಈಗ ಯಾವ ಗುರಿ ನಡೆಯುತ್ತಿದೆ, ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ, ಏನು ಕಂಡರೆ ಹೆದರುತ್ತೆ, ಬೇಕು ಬೇಡ ಹೇಗೆ ಹೇಳುತ್ತೆ, ಫಿಟ್ಸ್ ಬಂದರೆ ಯಾರಿಗೆ ಫೋನ್ ಮಾಡಬೇಕು. ಒಂದು ಪ್ರತಿ ಸೆಂಟರಿಗೆ, ಒಂದು ಪ್ರತಿ ಪೋಷಕರಿಗೆ. ನಿಮ್ಮ ಫೋನಿನಲ್ಲಿ ಉಳಿದ ವಿಡಿಯೋಗಳನ್ನು ಮುಖ್ಯಸ್ಥರ ಎದುರೇ ಅಳಿಸಿ, ಅಳಿಸಿದೆ ಅಂತ ಒಂದು ಸಾಲು ಬರೆದು ಸಹಿ ಹಾಕಿ ಹೊರಡಿ.